ನೂರು ಸೂಜಿಗಳ ಮಾರುಕಟ್ಟೆ

2024ರ ಅಕ್ಟೋಬರ್‌ನಲ್ಲಿ ಮಾರ್ಗನ್ ಸ್ಟ್ಯಾನ್ಲಿ ಎಂಬ ಹಣಕಾಸು ಸಂಸ್ಥೆ ಒಂದು ಅಂದಾಜು ಹೊರಹಾಕಿತು. ಮಿದುಳಿನ ಸಂಕೇತ ಓದಿ ಕಂಪ್ಯೂಟರ್ ನಡೆಸುವ ಸಾಧನಗಳಿಗೆ ಅಮೆರಿಕ ಒಂದರಲ್ಲೇ 400 ಬಿಲಿಯನ್ ಡಾಲರ್‌ನ, ಅಂದರೆ ಹೆಚ್ಚುಕಡಿಮೆ 34 ಲಕ್ಷ ಕೋಟಿ ರೂಪಾಯಿಯ ಮಾರುಕಟ್ಟೆ ಇದೆಯಂತೆ. ಕೈಕಾಲಿನ ಸ್ವಾಧೀನ ಕಳೆದುಕೊಂಡವರು, ಕಳೆದುಕೊಳ್ಳಬಹುದಾದವರು ಎಷ್ಟು ಮಂದಿ ಎಂದು ಎಣಿಸಿ, ತಲೆಗೊಂದು ಸಾಧನ ಮಾರಿದರೆ ಎಷ್ಟಾಗುತ್ತದೆ ಎಂದು ಗುಣಿಸಿದರೆ ಇಂಥ ಅಂಕಿ ಸಿಗುತ್ತದೆ. ಗುಣಾಕಾರದಲ್ಲಿ ತಪ್ಪೇನಿಲ್ಲ. ಆದರೆ 2023ರ ಕೊನೆಯವರೆಗೆ ಇಡೀ ಜಗತ್ತಿನಲ್ಲಿ ಇಂಥದ್ದನ್ನು ತಲೆಯೊಳಗೆ ದೀರ್ಘಕಾಲ ಇರಿಸಿಕೊಂಡವರ ಸಂಖ್ಯೆ ನೂರು ಮುಟ್ಟಿರಲಿಲ್ಲ. ಅವರೂ ಅಂಗಡಿಯಿಂದ ಕೊಂಡವರಲ್ಲ, ಪ್ರಯೋಗಕ್ಕೆ ಒಪ್ಪಿ ಸಹಿ ಹಾಕಿದವರು. ಕೂಸು ಹುಟ್ಟುವ ಮುನ್ನ ಕುಲಾವಿ ಅನ್ನುತ್ತೇವಲ್ಲ, ಇಲ್ಲಿ ಕುಲಾವಿಯ ಅಂಗಡಿಗೇ ಬಂಡವಾಳ ಹರಿದುಬರುತ್ತಿದೆ.

ಬ್ರೇನ್-ಕಂಪ್ಯೂಟರ್ ಇಂಟರ್‌ಫೇಸ್, ಚಿಕ್ಕದಾಗಿ ಬಿಸಿಐ, ಇಲಾನ್ ಮಸ್ಕ್ ತಲೆಯಲ್ಲಿ ಹುಟ್ಟಿದ್ದು ಎಂದುಕೊಂಡವರು ಬಹಳ. ಅದರ ಬೇರು ನೂರು ವರ್ಷದಷ್ಟು ಹಿಂದಿದೆ. ಮೂಲಪುರುಷ ಹಾನ್ಸ್ ಬರ್ಗರ್ ಅವರಿಗೆ ಮಾರುಕಟ್ಟೆಯ ಗೊಡವೆ ಇರಲಿಲ್ಲ, ಇದ್ದದ್ದು ಟೆಲಿಪಥಿಯ ಹುಚ್ಚು. ಹರೆಯದಲ್ಲಿ ಜರ್ಮನ್ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರದಡಿ ಸಿಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಅದೇ ದಿನ ಅವರ ಕ್ಷೇಮ ವಿಚಾರಿಸಿ ಮನೆಯಿಂದ ತಂತಿ ಬಂತು. ತಮ್ಮವನಿಗೇನೋ ಆಗಿದೆ ಎಂದು ಸಹೋದರಿಗೆ ಅನ್ನಿಸಿ, ಆಕೆಯ ಒತ್ತಾಯಕ್ಕೆ ಅಪ್ಪ ಕಳಿಸಿದ್ದ ತಂತಿ ಅದು. ಒಂದು ತಲೆಯ ಕಳವಳ ಇನ್ನೊಂದು ತಲೆಗೆ ಹೇಗೆ ಮುಟ್ಟಿತು ಎಂದು ತಿಳಿಯಲೆಂದೇ ಬರ್ಗರ್ ಮನೋವೈದ್ಯರಾದರು. 1924ರಲ್ಲಿ ಯೇನಾ ಊರಿನಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿ ದಾಖಲಿಸಿ, ಐದು ವರ್ಷ ಬಾಯಿ ಬಿಡದೆ ಪರೀಕ್ಷಿಸಿ, 1929ರಲ್ಲಿ ಪ್ರಕಟಿಸಿದರು. ನಂಬಿದವರು ಕಡಿಮೆ. 1934ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಅದನ್ನೇ ಮಾಡಿ ತೋರಿಸಿದ ಮೇಲೆ ಲೋಕ ಒಪ್ಪಿತು. ಟೆಲಿಪಥಿ ಸಿಗಲಿಲ್ಲ, ಇಇಜಿ ಸಿಕ್ಕಿತು. ಇವತ್ತು ನಿಮ್ಹಾನ್ಸ್‌ನಲ್ಲಿ ಮೂರ್ಛೆರೋಗಿಯ ತಲೆಗೆ ಅಂಟಿಸುವ ವೈರುಗಳ ವಂಶ ಶುರುವಾಗುವುದು ಅಲ್ಲಿಂದ.

ಇಇಜಿಗೆ ಒಂದು ಮಿತಿ ಇದೆ. ಬುರುಡೆಯ ಹೊರಗೆ ಸಿಗುವುದು ಲಕ್ಷಾಂತರ ನರಕೋಶಗಳ ಒಟ್ಟು ಗದ್ದಲ. ಹಾಗಿದ್ದೂ, 1973ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಝಾಕ್ ವಿಡಾಲ್ ಆ ಗದ್ದಲದಿಂದಲೇ ಕಂಪ್ಯೂಟರನ್ನು ನಡೆಸಬಹುದೇ ಎಂದು ಕೇಳಿ, ಈ ವಿದ್ಯೆಗೆ ಇಂದಿನ ಹೆಸರಿಟ್ಟರು. ಅದಕ್ಕೂ ಮೊದಲು, 1969ರಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಬರ್‌ಹಾರ್ಡ್ ಫೆಟ್ಸ್ ಇನ್ನೂ ಒಳಕ್ಕೆ ಹೋಗಿದ್ದರು. ಕೋತಿಯ ಮಿದುಳಿನ ಒಂದೇ ಒಂದು ನರಕೋಶದ ಪಕ್ಕ ತಂತಿ ಇಟ್ಟು, ಆ ಕೋಶ ಮಿಡಿದಷ್ಟೂ ಮೀಟರಿನ ಮುಳ್ಳು ಬಲಕ್ಕೆ ವಾಲುವಂತೆ ಮಾಡಿದರು. ಮುಳ್ಳು ಗೆರೆ ದಾಟಿದರೆ ಬಾಳೆಹಣ್ಣಿನ ರುಚಿಯ ಗುಳಿಗೆ. ಕೋತಿ ಸ್ವಲ್ಪ ಹೊತ್ತಿನಲ್ಲೇ ಉಪಾಯ ಕಂಡುಕೊಂಡಿತು: ತನ್ನ ಒಂದು ನರಕೋಶವನ್ನು ಬೇಕೆಂದಾಗ ಚುರುಕುಗೊಳಿಸಿ ಗುಳಿಗೆ ಗಿಟ್ಟಿಸಿಕೊಂಡಿತು. ನನ್ನ ಲೆಕ್ಕದಲ್ಲಿ ಈ ಉದ್ಯಮದ ನಿಜವಾದ ಮೊದಲ ವ್ಯಾಪಾರ ಇದೇ, ಮತ್ತು ಗಿರಾಕಿಗೆ ಕೊಟ್ಟ ಮಾತು ಪೂರ್ತಿ ನಡೆದ ವ್ಯಾಪಾರವೂ ಹೌದು.

ಕೋತಿಯಿಂದ ಮನುಷ್ಯನಿಗೆ ಬರಲು ಬೇಕಿದ್ದದ್ದು ಒಂದು ಒಳ್ಳೆಯ ಸೂಜಿ. ಅದು ಬಂದದ್ದು ಯೂಟಾ ವಿಶ್ವವಿದ್ಯಾಲಯದ ರಿಚರ್ಡ್ ನಾರ್ಮನ್ ಅವರಿಂದ. ಅವರ ಗುರಿ ಬೇರೆಯೇ ಇತ್ತು, ಕುರುಡರಿಗೆ ದೃಷ್ಟಿ ಕೊಡುವುದು. ಅದಕ್ಕಾಗಿ 4 ಮಿಲಿಮೀಟರ್ ಉದ್ದಗಲದ ಸಿಲಿಕಾನ್ ಬಿಲ್ಲೆಯನ್ನು ಕೊರೆದು, ಹತ್ತು ಸಾಲು ಹತ್ತು ಕಂಬದಂತೆ ನೂರು ಸೂಜಿಗಳನ್ನು ಎಬ್ಬಿಸಿದರು. ಪ್ರತಿ ಸೂಜಿಯ ಉದ್ದ ಒಂದೂವರೆ ಮಿಲಿಮೀಟರ್. ಮಿದುಳು ಮೆತ್ತಗಿನ ಅಂಗ. ಬಿಲ್ಲೆಯನ್ನು ನಿಧಾನವಾಗಿ ಒತ್ತಿದರೆ ಸೂಜಿಗಳು ಒಳಹೋಗುವ ಬದಲು ಮಿದುಳಿನ ಮೇಲ್ಮೈಯೇ ತಗ್ಗಿಬಿಡುತ್ತದೆ. ಆದ್ದರಿಂದ ಶಸ್ತ್ರವೈದ್ಯರು ಗಾಳಿಯ ಒತ್ತಡದಿಂದ ನಡೆಯುವ ಪುಟ್ಟ ಸುತ್ತಿಗೆಯಿಂದ ಅದನ್ನು ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಬಡಿದು ಕೂರಿಸುತ್ತಾರೆ. ಯೂಟಾ ಅರೇ ಎಂದೇ ಅದರ ಹೆಸರು. ಮುಂದಿನ ಎರಡು ದಶಕ ಬಿಸಿಐ ಲೋಕದಲ್ಲಿ ನಡೆದ ಹೆಸರುವಾಸಿ ಪ್ರಯೋಗಗಳಲ್ಲಿ ಹೆಚ್ಚಿನವು ಈ ನೂರು ಸೂಜಿಗಳ ಮೇಲೆಯೇ ನಿಂತವು.

ಬ್ರೌನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಜಾನ್ ಡೊನಹ್ಯೂ 2001ರಲ್ಲಿ ಸೈಬರ್‌ಕೈನೆಟಿಕ್ಸ್ ಎಂಬ ಕಂಪನಿ ಕಟ್ಟಿ, ನಾರ್ಮನ್ ಅವರ ಪುಟ್ಟ ಸಂಸ್ಥೆಯನ್ನೂ ಸೇರಿಸಿಕೊಂಡು, ಸಾಧನಕ್ಕೆ ಬ್ರೇನ್‌ಗೇಟ್ ಎಂದು ಹೆಸರಿಟ್ಟರು. 2004ರ ಜೂನ್‌ನಲ್ಲಿ ಅದನ್ನು ಮ್ಯಾಥ್ಯೂ ನೇಗಲ್ ಎಂಬ ಯುವಕನಿಗೆ ಅಳವಡಿಸಲಾಯಿತು. ಫುಟ್‌ಬಾಲ್ ಆಡುತ್ತಿದ್ದ ಹುಡುಗ, ಚೂರಿ ಇರಿತಕ್ಕೆ ಸಿಕ್ಕಿ ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ತಲೆಯ ಮೇಲೆ ಲೋಹದ ಸಾಕೆಟ್, ಅದಕ್ಕೊಂದು ದಪ್ಪ ಕೇಬಲ್, ಕೇಬಲ್ಲಿನ ಆ ತುದಿಯಲ್ಲಿ ತಳ್ಳುಗಾಡಿಯ ತುಂಬ ಕಂಪ್ಯೂಟರ್, ಪಕ್ಕದಲ್ಲಿ ಸದಾ ಒಬ್ಬ ತಂತ್ರಜ್ಞ. ಇಷ್ಟು ಸರಂಜಾಮಿನೊಂದಿಗೆ ಅವನು ಇಮೇಲ್ ತೆರೆದ, ಟಿವಿ ಚಾನೆಲ್ ಬದಲಿಸಿದ, ಪರದೆಯ ಮೇಲೆ ಸೊಟ್ಟಗಿನ ಒಂದು ವೃತ್ತ ಬರೆದ, ಕೃತಕ ಕೈಯ ಮುಷ್ಟಿ ಬಿಚ್ಚಿ ಮುಚ್ಚಿದ. 2006ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂತು, ಲೋಕಕ್ಕೆಲ್ಲ ಸುದ್ದಿಯಾಯಿತು. ಮರುವರ್ಷ ನೇಗಲ್ ಸೋಂಕಿನಿಂದ ತೀರಿಕೊಂಡ. ಸಾಧನವನ್ನು ಅಷ್ಟರಲ್ಲಾಗಲೇ ತೆಗೆಯಲಾಗಿತ್ತು.

ಕಂಪನಿಯೂ ಹೆಚ್ಚು ದಿನ ಬಾಳಲಿಲ್ಲ. 2008ರ ಹಣಕಾಸು ಮುಗ್ಗಟ್ಟಿನ ಹೊತ್ತಿಗೆ ದುಡ್ಡು ಬತ್ತಿ, 2009ರ ವೇಳೆಗೆ ಅಂಗಡಿ ಮುಚ್ಚಿತು. ಬ್ರೇನ್‌ಗೇಟ್ ಪ್ರಯೋಗ ವಿಶ್ವವಿದ್ಯಾಲಯಗಳ ಆಸರೆಗೆ ಹೋಯಿತು. ಸೂಜಿ ಮಾಡುವ ವ್ಯವಹಾರ ಸಾಲ್ಟ್ ಲೇಕ್ ಸಿಟಿಯ ಬ್ಲ್ಯಾಕ್‌ರಾಕ್ ಎಂಬ ಸಂಸ್ಥೆಯ ಪಾಲಾಯಿತು (ಷೇರುಪೇಟೆಯ ದೈತ್ಯ ಬ್ಲ್ಯಾಕ್‌ರಾಕ್ ಅಲ್ಲ, ಹೆಸರು ಮಾತ್ರ ಒಂದೇ). 2012ರಲ್ಲಿ, ಪಾರ್ಶ್ವವಾಯು ಬಡಿದು ಮಾತೂ ಕೈಕಾಲೂ ನಿಂತಿದ್ದ 58 ವರ್ಷದ ಮಹಿಳೆಯೊಬ್ಬರು ಇದೇ ಸೂಜಿಗಳ ಬಲದಿಂದ ರೋಬೊ ತೋಳನ್ನು ನಡೆಸಿ, ಬಾಟಲಿ ಎತ್ತಿಸಿ, ಸ್ಟ್ರಾದಲ್ಲಿ ಕಾಫಿ ಹೀರಿದ ಸುದ್ದಿ ಪ್ರಕಟವಾಯಿತು. ಸುಮಾರು 15 ವರ್ಷದಲ್ಲಿ ಯಾರ ಕೈಯ ಹಂಗೂ ಇಲ್ಲದೆ ಕುಡಿದ ಮೊದಲ ಗುಟುಕು. ಆ ಪ್ರಯೋಗದ ವಿಡಿಯೊದಲ್ಲಿ ಕಾಫಿ ಕುಡಿದು ಬಾಟಲಿ ಕೆಳಗಿಟ್ಟ ಮೇಲೆ ಅವರ ಮುಖದಲ್ಲಿ ಅರಳುವ ನಗುವನ್ನು ಆಮೇಲಿನ ಎಷ್ಟೋ ಕಂಪನಿಗಳು ತಮ್ಮ ಬಂಡವಾಳಕ್ಕೆ ಋಣಿಯಾಗಿ ನೆನೆಯಬೇಕು. ಬ್ಲ್ಯಾಕ್‌ರಾಕ್‌ನ ಬಹುಪಾಲು ಒಡೆತನವನ್ನು 2024ರಲ್ಲಿ 200 ಮಿಲಿಯನ್ ಡಾಲರ್ ಕೊಟ್ಟು ಕೊಂಡದ್ದು ಟೆದರ್ ಎಂಬ ಕ್ರಿಪ್ಟೊ ಕಂಪನಿ. ಕುರುಡರಿಗೆಂದು ಕೊರೆದ ಸೂಜಿ ಕ್ರಿಪ್ಟೊ ನಾಣ್ಯದವರ ಕೈಸೇರಲು ಸುಮಾರು ಮೂರೂವರೆ ದಶಕ ಸಾಕಾಯಿತು.

ಮಸ್ಕ್ ಬಂದದ್ದು 2016ರಲ್ಲಿ. ಅವರ ನ್ಯೂರಾಲಿಂಕ್ ತಂದ ಹೊಸತು ಮೂಲ ವಿಚಾರದಲ್ಲಿಲ್ಲ, ಕಟ್ಟುವ ಜಾಣ್ಮೆಯಲ್ಲಿದೆ. ಗಡುಸು ಸೂಜಿಯ ಬದಲು ಕೂದಲಿಗಿಂತ ತೆಳುವಾದ 64 ಎಳೆಗಳು, ಅವುಗಳ ಮೇಲೆ 1,024 ವಿದ್ಯುದ್ವಾರಗಳು, ಎಳೆಗಳನ್ನು ರಕ್ತನಾಳ ತಪ್ಪಿಸಿ ನೆಡಲು ರೋಬೊ. ಕೇಬಲ್ ಇಲ್ಲ, ಸಾಕೆಟ್ ಇಲ್ಲ. ಫೋನುಗಳ ದೆಸೆಯಿಂದ ಅಗ್ಗವಾದ ಚಿಪ್ಪು, ಬ್ಯಾಟರಿ, ಬ್ಲೂಟೂತ್ ಎಲ್ಲ ನಾಣ್ಯದಗಲದ ಡಬ್ಬಿಯೊಳಗೆ ಚರ್ಮದಡಿ ಅಡಗಿದವು. 2024ರ ಜನವರಿಯಲ್ಲಿ ಅರಿಝೋನಾದಲ್ಲಿ ಅದನ್ನು ಪಡೆದ ನೋಲಂಡ್ ಆರ್ಬಾ ರಾತ್ರಿಯೆಲ್ಲ ವಿಡಿಯೊ ಗೇಮ್ ಆಡಿದರು. ಕೆಲವೇ ವಾರದಲ್ಲಿ ಹೆಚ್ಚಿನ ಎಳೆಗಳು ಮಿದುಳಿನಿಂದ ಹಿಂದಕ್ಕೆ ಸರಿದವು, ಕರ್ಸರ್ ತಡವರಿಸಿತು. ಉಳಿದ ಎಳೆಗಳ ಸಂಕೇತವನ್ನೇ ಬೇರೆ ಬಗೆಯಲ್ಲಿ ಓದುವಂತೆ ಸಾಫ್ಟ್‌ವೇರ್ ತಿದ್ದಿ ಕಂಪನಿ ಮಾನ ಉಳಿಸಿಕೊಂಡಿತು. 2025ರ ಜೂನ್‌ನಲ್ಲಿ ಅದು ಮತ್ತೆ 650 ಮಿಲಿಯನ್ ಡಾಲರ್ ಎತ್ತಿತು.

ಪೈಪೋಟಿಗೆ ನಿಂತವರ ದಾರಿ ಬೇರೆಬೇರೆ. ಮೆಲ್ಬರ್ನ್‌ನಲ್ಲಿ ಹುಟ್ಟಿದ ಸಿಂಕ್ರಾನ್ ಬುರುಡೆ ತೆರೆಯುವುದೇ ಬೇಡ ಎಂದು ಹೃದ್ರೋಗ ತಜ್ಞರ ಸ್ಟೆಂಟ್ ವಿದ್ಯೆ ಎರವಲು ಪಡೆದು, ಕತ್ತಿನ ರಕ್ತನಾಳದಿಂದ ಮಿದುಳಿನ ನೆತ್ತಿಯ ಮೇಲಿನ ದೊಡ್ಡ ನಾಳದವರೆಗೆ ಸಾಧನವನ್ನು ತೂರಿಸುತ್ತದೆ. ಅದರಲ್ಲಿರುವುದು ಬರೀ 16 ವಿದ್ಯುದ್ವಾರ. ಸಂಕೇತ ಒರಟು, ಅಪಾಯ ಕಡಿಮೆ. ಬೆಝೋಸ್ ಮತ್ತು ಗೇಟ್ಸ್ ಇಬ್ಬರೂ ಇದರಲ್ಲಿ ಹಣ ಹಾಕಿದ್ದಾರೆ. ಆಸ್ಪತ್ರೆಯ ನಿತ್ಯದ ಕೆಲಸಕ್ಕೆ ಒಗ್ಗುವುದು ಮೊದಲು ಇದೇ ಇರಬಹುದು ಎಂದು ನನ್ನ ಊಹೆ. ಫೇಸ್‌ಬುಕ್ ಕಥೆ ಇನ್ನೂ ಸ್ವಾರಸ್ಯ: ಯೋಚನೆಯಿಂದಲೇ ನಿಮಿಷಕ್ಕೆ 100 ಪದ ಟೈಪ್ ಮಾಡಿಸುತ್ತೇವೆ ಎಂದು 2017ರಲ್ಲಿ ಸಾರಿ, 2021ರಲ್ಲಿ ತಲೆಯ ಸಹವಾಸ ಬಿಟ್ಟು, ಮಣಿಕಟ್ಟಿಗೆ ಇಳಿಯಿತು. 2025ರಲ್ಲಿ ಅದು 799 ಡಾಲರ್‌ಗೆ ಕನ್ನಡಕದ ಜತೆ ಮಾರಲು ತಂದ ಪಟ್ಟಿ ಸ್ನಾಯುವಿನ ಸಂಕೇತ ಓದುತ್ತದೆ, ಮಿದುಳಿನದ್ದಲ್ಲ. ನಿಮ್ಮನ್ನೂ ನನ್ನನ್ನೂ ಮುಟ್ಟುವ ಮಾರುಕಟ್ಟೆ ಸದ್ಯಕ್ಕೆ ಇಷ್ಟೇ.

ನಿಜವಾದ ಜಿಗಿತ ಆದದ್ದು ಮಾತಿನಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಈ ಕೆಲಸ ಮುನ್ನಡೆಸಿದವರಲ್ಲಿ ಒಬ್ಬರು ಕೃಷ್ಣ ಶೆಣೈ. ಮನೆತನದ ಹೆಸರು ನಮ್ಮ ಕರಾವಳಿಗೆ ಪರಿಚಿತ. 2021ರಲ್ಲಿ ಅವರ ತಂಡ, ಕೈ ಅಲುಗದ ವ್ಯಕ್ತಿಯೊಬ್ಬರು ಮನಸ್ಸಿನಲ್ಲೇ ಪೆನ್ನು ಹಿಡಿದು ಬರೆಯಲು ಹೊರಟಾಗ ಮಿಡಿಯುವ ನರಕೋಶಗಳನ್ನು ಓದಿ ನಿಮಿಷಕ್ಕೆ 90 ಅಕ್ಷರ ಮೂಡಿಸಿತು. ನ್ಯೂರಾಲಿಂಕ್‌ಗೂ, ಫೇಸ್‌ಬುಕ್ ಕೊಂಡ ಮಣಿಕಟ್ಟಿನ ಕಂಪನಿಗೂ ಶೆಣೈ ಸಲಹೆಗಾರರಾಗಿದ್ದರು. ಪ್ರಯೋಗಾಲಯದ ವಿದ್ಯೆ ಪೇಟೆಗೆ ಇಳಿದದ್ದು ಇಂಥ ಸಂಬಂಧಗಳ ಮೂಲಕವೇ. 2023ರ ಜನವರಿಯಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ತಂಡದ ಪ್ರಬಂಧದಲ್ಲಿ, ಸ್ನಾಯುಗಳ ಸ್ವಾಧೀನ ಕ್ರಮೇಣ ತಪ್ಪಿಸುವ ಎಎಲ್‌ಎಸ್ ಕಾಯಿಲೆಯಿಂದ ಮಾತು ಕಳೆದುಕೊಂಡ ಮಹಿಳೆ ನಿಮಿಷಕ್ಕೆ 62 ಪದದ ವೇಗದಲ್ಲಿ ಪರದೆಯ ಮೇಲೆ ಮಾತಾಡಿದ್ದರು. ಒಂದೂಕಾಲು ಲಕ್ಷ ಪದಗಳ ನಿಘಂಟಿನಲ್ಲಿ ನಾಲ್ಕಕ್ಕೊಂದು ಪದ ತಪ್ಪುತ್ತಿತ್ತು. ಮರುವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರ ನೂರಕ್ಕೆ 97 ಪದ ಸರಿಮಾಡಿತು.

ಇದರ ಒಳಗುಟ್ಟು ಗಮನಿಸಬೇಕು. ಸೂಜಿಗಳು ಹೇಳುವುದು ‘ಇದು ಪ ಇರಬಹುದು, ಬ ಇರಬಹುದು’ ಎಂಬ ಅನುಮಾನವನ್ನಷ್ಟೇ. ಆ ಅನುಮಾನಗಳ ಸಾಲನ್ನು ವಾಕ್ಯವಾಗಿ ತಿದ್ದುವುದು ಇಂಗ್ಲಿಷ್ ಪಠ್ಯದ ರಾಶಿ ಓದಿ ಕಲಿತ ಭಾಷಾ ಮಾದರಿ. ‘ಮನೆ’ ಎಂಬ ಒಂದೇ ಪದ ಮನೆಯಲ್ಲಿ, ಮನೆಯವರಿಗೂ, ಮನೆಯಿಂದಾಚೆ ಎಂದು ಹತ್ತಾರು ರೂಪ ತಾಳುವ ಕನ್ನಡಕ್ಕೆ ಆ ಮಾದರಿ ನೆರವಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ, ಮನಸ್ಸಿನಲ್ಲೇ ನುಡಿದ ಪದವನ್ನು ಇಇಜಿಯಿಂದ ಗುರುತಿಸುವ ಕೆಲಸ ಮಾಡಿದೆ. ಮಂಡ್ಯದ ಎಎಲ್‌ಎಸ್ ರೋಗಿಯೊಬ್ಬರು ತಮ್ಮ ಭಾಷೆಯಲ್ಲಿ ನೀರು ಕೇಳಬೇಕಾದರೆ ಸೂಜಿಯಷ್ಟೇ ಅಗತ್ಯ ಕನ್ನಡದ ಅಂಥದೇ ಪಠ್ಯರಾಶಿ. ಅದಕ್ಕೆ ಬಂಡವಾಳ ಹಾಕುವವರ ಸಾಲು ಇನ್ನೂ ಕಾಣುತ್ತಿಲ್ಲ.

ಇನ್ನು ಮಾರಾಟದ ನಂತರದ ಮಾತು. ಕಣ್ಣಿನ ರೆಟಿನಾಕ್ಕೆ ಆರ್ಗಸ್ 2 ಎಂಬ ಸಾಧನ ಮಾಡಿದ ಸೆಕೆಂಡ್ ಸೈಟ್ ಕಂಪನಿ, ಒಂದೂವರೆ ಲಕ್ಷ ಡಾಲರ್ ಆಸುಪಾಸಿನ ಬೆಲೆಗೆ ಅದನ್ನು ಮಾರಿ, 2019ರಲ್ಲಿ ತಯಾರಿಕೆ ನಿಲ್ಲಿಸಿತು, ಮರುವರ್ಷ ಬಹುಪಾಲು ನೌಕರರನ್ನು ಮನೆಗೆ ಕಳಿಸಿತು. ಕಣ್ಣಲ್ಲಿ ಆ ಯಂತ್ರ ಇಟ್ಟುಕೊಂಡ ಮುನ್ನೂರಕ್ಕೂ ಹೆಚ್ಚು ಮಂದಿಗೆ ರಿಪೇರಿಗೆ ಕೇಳುವ ಬಾಗಿಲೇ ಇಲ್ಲದಂತಾಯಿತು. ಒಹಾಯೊದ ಇಯಾನ್ ಬರ್ಕ್‌ಹಾರ್ಟ್ 2014ರಲ್ಲಿ ಯೂಟಾ ಸೂಜಿ ಹಾಕಿಸಿಕೊಂಡು, ಸ್ವಾಧೀನವಿಲ್ಲದ ತನ್ನದೇ ಕೈಯಿಂದ ಲೋಟ ಎತ್ತಿದ್ದರು. 2021ರಲ್ಲಿ ಅದನ್ನು ತೆಗೆಸಬೇಕಾಯಿತು, ಕೈ ಮತ್ತೆ ಮೊದಲಿನಂತಾಯಿತು. ಈಗ ಅವರು ಇಂಥ ಸ್ವಯಂಸೇವಕರನ್ನೆಲ್ಲ ಸೇರಿಸಿ ಸಂಘ ಕಟ್ಟಿದ್ದಾರೆ.

ಅಳವಡಿಸಿದ ಮೇಲೆ ಸಾಧನವನ್ನು ನೋಡಿಕೊಳ್ಳುವವರು ಯಾರು ಎಂಬ ಈ ಪ್ರಶ್ನೆ ನಮ್ಮಲ್ಲಿ ಹೊಸದಲ್ಲ. ನರಕ್ಕೆ ನೇರ ಸಂಕೇತ ಕೊಟ್ಟು ನಿಜವಾದ ಮಾರುಕಟ್ಟೆ ಕಂಡ ಸಾಧನ ಕಿವಿಯೊಳಗೆ ಇಡುವ ಕಾಕ್ಲಿಯರ್ ಇಂಪ್ಲಾಂಟ್. ಅದು ಲೋಕದಲ್ಲಿ ಹತ್ತು ಲಕ್ಷ ಮಂದಿಗೆ ತಲುಪಿದೆ. ಕಿವುಡು ಮಕ್ಕಳಿಗೆ ಸರ್ಕಾರದ ಯೋಜನೆಯಲ್ಲೇ ಶಸ್ತ್ರಚಿಕಿತ್ಸೆ ಆಗುತ್ತದೆ. ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಾಯಂದಿರು ಮಗುವಿನೊಂದಿಗೇ ಕೂತು ಕಲಿಸಬೇಕು. ಕಿವಿಯ ಹೊರಗಿನ ಪ್ರೊಸೆಸರ್, ಅದರ ಕೇಬಲ್, ಬ್ಯಾಟರಿ ಕೆಟ್ಟರೆ ಖರ್ಚು ಅನೇಕ ಸಲ ಮನೆಯವರದೇ. ಯಂತ್ರಕ್ಕಿಂತ ಅದರ ಬಾಳ್ವೆ ದುಬಾರಿ ಎಂಬುದನ್ನು ಈ ತಂದೆತಾಯಿಯರಷ್ಟು ಚೆನ್ನಾಗಿ ಮಾರ್ಗನ್ ಸ್ಟ್ಯಾನ್ಲಿಯವರೂ ಹೇಳಲಾರರು.

ಕಾನೂನುಗಳು ಒಂದೊಂದಾಗಿ ಬರುತ್ತಿವೆ. 2023ರಲ್ಲಿ ಚಿಲಿಯ ಸುಪ್ರೀಂ ಕೋರ್ಟ್, ತಲೆಪಟ್ಟಿ ಮಾರುವ ಅಮೆರಿಕದ ಎಮೋಟಿವ್ ಕಂಪನಿಗೆ ಮಾಜಿ ಸೆನೆಟರ್ ಒಬ್ಬರ ಮಿದುಳಿನ ದತ್ತಾಂಶ ಅಳಿಸುವಂತೆ ಆದೇಶಿಸಿತು. ಮರುವರ್ಷ ಕೊಲೊರಾಡೊ, ಕ್ಯಾಲಿಫೋರ್ನಿಯಾ ರಾಜ್ಯಗಳು ಮಿದುಳಿನ ದತ್ತಾಂಶಕ್ಕೆ ರಕ್ಷಣೆ ಕೊಟ್ಟವು. ಬೆಲೆಯ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಚೀನಾ. 2025ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ವಿಮಾ ಇಲಾಖೆ ಬಿಸಿಐಗೆ ಆಸ್ಪತ್ರೆಗಳು ಹಣ ಪಡೆಯಬಹುದಾದ ಬಾಬ್ತುಗಳನ್ನು ಗೊತ್ತುಮಾಡಿತು. ಅವು ಮೂರು: ತಲೆಯೊಳಗೆ ಇಡುವ ಶುಲ್ಕ, ಹೊರಗಿನಿಂದ ತೊಡುವ ಸಾಧನವನ್ನು ಹೊಂದಿಸುವ ಶುಲ್ಕ, ಇಟ್ಟದ್ದನ್ನು ತೆಗೆಯುವ ಶುಲ್ಕ.