ಕೂಡಿಹಾಕಿದ ಬದುಕುಗಳು

ಬೌದ್ಧಿಕ ನ್ಯೂನತೆ ಇರುವವರನ್ನು ಸಾಕಬೇಕೋ, ಅವರಿಗೆ ಕಲಿಸಬೇಕೋ, ಅವರನ್ನು ಕೂಡಿಹಾಕಬೇಕೋ ಎಂಬ ಪ್ರಶ್ನೆಗೆ ಬ್ರಿಟನ್ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಇಂಗ್ಲೆಂಡಿನ ಮಧ್ಯಯುಗದ ಕಾನೂನಿಗೆ ಮುಖ್ಯವಾಗಿದ್ದದ್ದು ಆಸ್ತಿ. ಹುಟ್ಟಿನಿಂದಲೇ ಬುದ್ಧಿ ಬೆಳೆಯದವರ ಜಮೀನಿನ ಆದಾಯ ರಾಜನಿಗೆ ಸೇರುತ್ತಿತ್ತು. ಅವರ ಅನ್ನಬಟ್ಟೆಯ ಹೊಣೆಯೂ ಅವನದೇ. ಆಸ್ತಿಯಿಲ್ಲದವರಿಗೆ ಮನೆಯವರೇ, ಊರಿನವರೇ ಆಸರೆ.

19ನೇ ಶತಮಾನದಲ್ಲಿ, ಬೌದ್ಧಿಕ ನ್ಯೂನತೆ ಇರುವವರಿಗೂ ಕಲಿಸಬಹುದು ಎಂಬ ಭರವಸೆ ಹುಟ್ಟಿತು. 1855ರಲ್ಲಿ ಸರ್ರೆಯ ಅರ್ಲ್ಸ್‌ವುಡ್‌ನಲ್ಲಿ ಇವರಿಗೆಂದೇ ದೊಡ್ಡ ವಸತಿ ಸಂಸ್ಥೆ ತೆರೆಯಿತು. ಡೌನ್ ಸಿಂಡ್ರೋಮ್‌ಗೆ ಯಾರ ಹೆಸರಿದೆಯೋ ಆ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1858ರಿಂದ ಹತ್ತು ವರ್ಷ ಅದನ್ನು ನಡೆಸಿದರು. ಅಲ್ಲಿದ್ದ ಜೇಮ್ಸ್ ಹೆನ್ರಿ ಪುಲನ್ ಅವರಿಗೆ ಮಾತು ಸರಿಯಾಗಿ ಬರುತ್ತಿರಲಿಲ್ಲ. ಮರಗೆಲಸದಲ್ಲಿ ಮಾತ್ರ ಅಸಾಧಾರಣ ಕೈ. ಅವರು ಕಟ್ಟಿದ ‘ಗ್ರೇಟ್ ಈಸ್ಟರ್ನ್’ ಹಡಗಿನ ಮಾದರಿಗೆ ಜನ ಬೆರಗಾದರು. ಆದರೂ ಚಿಕ್ಕ ವಯಸ್ಸಿನಲ್ಲೇ ಒಳಹೋದ ಪುಲನ್ 1916ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ಅವರ ಕೈಚಳಕವನ್ನು ಕೊಂಡಾಡಿದ ಸಮಾಜ ಅವರಿಗೆ ತನ್ನ ನಡುವೆ ಒಂದು ಮನೆ ಕೊಡಲಿಲ್ಲ.

ಅಷ್ಟರಲ್ಲಿ ಭರವಸೆ ಹೋಗಿ ಭಯ ಬಂದಿತ್ತು. ಇವರಿಗೆ ಮಕ್ಕಳಾದರೆ ಜನಾಂಗವೇ ಕೆಡುತ್ತದೆಂದು ಸುಸಂತಾನಶಾಸ್ತ್ರದ ಬೆಂಬಲಿಗರು ವಾದಿಸಿದರು. ಈ ಭಯದ ನೆರಳಿನಲ್ಲೇ 1913ರ ಮೆಂಟಲ್ ಡೆಫಿಶಿಯನ್ಸಿ ಕಾಯ್ದೆ ಬಂತು. ಅದು ಜನರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ ಸಂಸ್ಥೆಗಳಿಗೆ ಕಳಿಸಲು ಅಧಿಕಾರ ಕೊಟ್ಟಿತು. ಸರ್ಕಾರಿ ನೆರವು ಪಡೆಯುತ್ತಿದ್ದ ಮದುವೆಯಾಗದ ತಾಯಂದಿರೂ ಬುದ್ಧಿ ಸಾಲದವರೆಂಬ ಹಣೆಪಟ್ಟಿ ಹೊತ್ತು ಒಳಹೋದರು. ಸಂಸತ್ತಿನಲ್ಲಿ ಸದಸ್ಯ ಜೋಸಯ್ಯ ವೆಜ್‌ವುಡ್ ವ್ಯಕ್ತಿಸ್ವಾತಂತ್ರ್ಯದ ಹೆಸರಿನಲ್ಲಿ ಪಟ್ಟುಹಿಡಿದು ವಿರೋಧಿಸಿದರು; ಜೊತೆಗೆ ನಿಂತವರು ಕೆಲವರೇ. ಸಂಸ್ಥೆಗಳ ಒಳಗೆ ಗಂಡಸರು, ಹೆಂಗಸರು ಬೇರೆ ಬೇರೆ ವಾರ್ಡುಗಳಲ್ಲಿ ದಶಕಗಟ್ಟಲೆ ಕಳೆದರು. ಕೈದಿಗಾದರೂ ಬಿಡುಗಡೆಯ ದಿನ ಗೊತ್ತಿರುತ್ತದೆ. ಇವರಿಗೆ ಅದೂ ಇರಲಿಲ್ಲ. ಕಾಯ್ದೆ ರದ್ದಾದದ್ದು 1959ರಲ್ಲಿ.

ಕಾಯ್ದೆ ಹೋದರೂ ಗೋಡೆಗಳು ಉಳಿದವು. 1967ರಲ್ಲಿ, ಬೌದ್ಧಿಕ ನ್ಯೂನತೆ ಇರುವವರನ್ನು ಇರಿಸಿದ್ದ ಕಾರ್ಡಿಫ್‌ನ ಎಲಿ ಆಸ್ಪತ್ರೆಯ ಸಹಾಯಕ ಸಿಬ್ಬಂದಿಯೊಬ್ಬರು ಅಲ್ಲಿನ ಹಿಂಸೆ, ಕಳ್ಳತನಗಳನ್ನು ಪತ್ರಿಕೆಗೆ ತಿಳಿಸಿದರು. 1969ರ ತನಿಖಾ ವರದಿ ದೇಶವನ್ನು ಕಲಕಿತು. 1971ರ ಸರ್ಕಾರಿ ಶ್ವೇತಪತ್ರ ಆಸ್ಪತ್ರೆಗಳ ಬದಲು ಊರಿನ ನಡುವೆಯೇ ಬದುಕು ಕಟ್ಟಿಕೊಡುವ ನೀತಿ ಹೇಳಿತು. ಕಲಿಯಲಾರರೆಂದು ಅದುವರೆಗೆ ದೂರವಿಟ್ಟಿದ್ದ ಮಕ್ಕಳು ಇಂಗ್ಲೆಂಡಿನಲ್ಲಿ ಶಿಕ್ಷಣ ವ್ಯವಸ್ಥೆಯೊಳಗೆ ಬಂದದ್ದೂ ಅದೇ ವರ್ಷ. ಮುಂದೆ ‘ಪೀಪಲ್ ಫಸ್ಟ್’ನಂಥ ಸಂಘಗಳಲ್ಲಿ ಬೌದ್ಧಿಕ ನ್ಯೂನತೆ ಇರುವವರು ತಮ್ಮ ಪರವಾಗಿ ತಾವೇ ಮಾತಾಡತೊಡಗಿದರು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ.

ಆದರೆ 2011ರಲ್ಲಿ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳನ್ನು ಹೊಡೆಯುವ ದೃಶ್ಯಗಳು ಬಿಬಿಸಿಯ ರಹಸ್ಯ ಕ್ಯಾಮೆರಾದಲ್ಲಿ ಸಿಕ್ಕವು. 11 ಸಿಬ್ಬಂದಿಗೆ ಶಿಕ್ಷೆಯಾಯಿತು. ಇಂಥ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಉಳಿದವರನ್ನು 2014ರ ಜೂನ್ ಹೊತ್ತಿಗೆ ಹೊರತರುವುದಾಗಿ ಸರ್ಕಾರ ಮಾತು ಕೊಟ್ಟಿತು. ಆ ಗಡುವು ಮುಗಿದರೂ ಸಾವಿರಾರು ಜನ ಒಳಗೇ ಇದ್ದರು.