ಗಾಳಿ ಕಟ್ಟಿದ ಹಿಮಪದರ: ಗುಲ್ಮಾರ್ಗ್‌ಗೆ ತೆರಳುವ ಸ್ನೋಬೋರ್ಡ್ ಆಸಕ್ತರಿಗೆ ಸುರಕ್ಷತಾ ಮಾಹಿತಿ

ಜಮ್ಮು ಮತ್ತು ಕಾಶ್ಮೀರದ ಬಾರಾಮುಲ್ಲಾ ಜಿಲ್ಲೆಯಲ್ಲಿರುವ ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗೊಂಡೋಲಾ ಕೇಬಲ್ ಕಾರಿನ ಎರಡನೇ ಹಂತವು ಪ್ರವಾಸಿಗರನ್ನು ಅಫರ್ವಾಟ್ ಪರ್ವತದ ಮೇಲೆ 3,900 ಮೀಟರ್‌ಗೂ ಹೆಚ್ಚಿನ ಎತ್ತರಕ್ಕೆ ಕೊಂಡೊಯ್ಯುತ್ತದೆ. ಸ್ಕೀ ಗಸ್ತು ಪಡೆಯು ಹಿಮಕುಸಿತ ನಿಯಂತ್ರಣ ಕಾರ್ಯ ಕೈಗೊಳ್ಳುವುದು ಕೇಬಲ್ ಕಾರಿನ ಸಮೀಪದ ಇಳಿಜಾರುಗಳಲ್ಲಿ ಮಾತ್ರ. ಅದರಾಚೆಗಿನ ಪರ್ವತವು ಸಹಜ ಸ್ಥಿತಿಯಲ್ಲಿಯೇ ಇರುತ್ತದೆ. 2023ರ ಫೆಬ್ರುವರಿ 1ರಂದು ಅಫರ್ವಾಟ್‌ನಲ್ಲಿ ಪೋಲೆಂಡ್ ದೇಶದ ಇಬ್ಬರು, 2024ರ ಫೆಬ್ರುವರಿ 22ರಂದು ಖಿಲನ್‌ಮಾರ್ಗ್ ಬಳಿ ರಷ್ಯಾ ದೇಶದ ಒಬ್ಬರು ಹಿಮಕುಸಿತದಲ್ಲಿ ಮೃತಪಟ್ಟರು. 2010ರ ಫೆಬ್ರುವರಿ 8ರಂದು ಇದೇ ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ 17 ಯೋಧರು ಪ್ರಾಣ ಕಳೆದುಕೊಂಡಿದ್ದರು.

ಹಿಮಪಾತವಿಲ್ಲದ ದಿನದ ಅಪಾಯ

ಹಿಮಪಾತ, ಹಿಮಕುಸಿತ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಲ್ಲಿದೆ. ಆಕಾಶದಿಂದ ಹಿಮ ಬೀಳುವುದು ಹಿಮಪಾತ. ಇಳಿಜಾರಿನಲ್ಲಿ ಸಂಗ್ರಹವಾದ ಹಿಮ ಜಾರಿ ಉರುಳುವುದು ಹಿಮಕುಸಿತ. ಮೊದಲನೆಯದು ನಿಂತ ಮಾತ್ರಕ್ಕೆ ಎರಡನೆಯದರ ಭಯ ನಿವಾರಣೆಯಾಗುವುದಿಲ್ಲ.

ಬಲವಾದ ಗಾಳಿಯು ಪರ್ವತದ ಏಣಿನ ಒಂದು ಮಗ್ಗುಲಿನ ಸಡಿಲ ಹಿಮವನ್ನು ಎತ್ತಿ, ಗಾಳಿಗೆ ಮರೆಯಾದ ಇನ್ನೊಂದು ಮಗ್ಗುಲಿನಲ್ಲಿ ಇಳಿಸುತ್ತದೆ. ಸಾಗುವ ದಾರಿಯಲ್ಲಿ ಹಿಮದ ಹರಳುಗಳು ಪರಸ್ಪರ ಬಡಿದು ಪುಡಿಯಾಗುತ್ತವೆ. ಇಳಿದ ಮೇಲೆ ಒತ್ತಾಗಿ ಕೂಡಿಕೊಂಡು ಹಲಗೆಯಂತೆ ಗಟ್ಟಿಯಾಗುತ್ತವೆ. ಇದನ್ನೇ ವಿಂಡ್ ಸ್ಲ್ಯಾಬ್ ಎನ್ನಲಾಗುತ್ತದೆ. ಹಿಮಪಾತಕ್ಕಿಂತ ಹತ್ತು ಪಟ್ಟು ವೇಗವಾಗಿ ಗಾಳಿಯು ಹಿಮವನ್ನು ಪೇರಿಸಬಲ್ಲದು. ಆದ್ದರಿಂದ ಬಿಸಿಲು ಬಿದ್ದ, ಆಕಾಶ ತಿಳಿಯಾದ ಬೆಳಿಗ್ಗೆಯೂ ಕೆಲವೇ ಗಂಟೆಗಳಲ್ಲಿ ಇಳಿಜಾರು ಅಪಾಯಕಾರಿಯಾಗಬಹುದು. ಏಣಿನ ತುದಿಯಿಂದ ಹಿಮದ ಧೂಳು ಬಾವುಟದಂತೆ ಹಾರುತ್ತಿರುವುದು ಕಂಡುಬಂದಲ್ಲಿ ಅದರ ಕೆಳಭಾಗದಲ್ಲಿ ಈ ಕ್ರಿಯೆ ನಡೆಯುತ್ತಿದೆ ಎಂದೇ ತಿಳಿಯತಕ್ಕದ್ದು.

ಕೆಳಗಿನ ಹಳೆಯ ಹಿಮ ದುರ್ಬಲವಾಗಿದ್ದಲ್ಲಿ ಹಲಗೆಯು ಅದಕ್ಕೆ ಅಂಟಿಕೊಳ್ಳದೆ ಅದರ ಮೇಲೆ ಸುಮ್ಮನೆ ಕುಳಿತಿರುತ್ತದೆ. ಒಬ್ಬ ವ್ಯಕ್ತಿಯ ಭಾರವೇ ಅದನ್ನು ಬಿರಿಯಿಸಲು ಸಾಕು. ಗಟ್ಟಿ ಹಲಗೆಯ ವಿಷಯದಲ್ಲಿ ಇನ್ನೊಂದು ವಂಚನೆಯಿದೆ: ಮೊದಲು ದಾಟಿದವರಿಗೆ ಏನೂ ಆಗದೆ, ನಂತರದವರು ನಡುವೆ ತಲುಪಿದಾಗ ಅವರಿಗಿಂತ ಮೇಲ್ಗಡೆ ಬಿರುಕು ಬಿಡಬಹುದು. ಈಗಾಗಲೇ ಯಾರೋ ಇಳಿದ ಗುರುತು ಇದೆ ಎಂಬುದು ಸುರಕ್ಷತೆಗೆ ಆಧಾರವಲ್ಲ.

ಗುರುತಿಸುವ ಬಗೆ

ದಿಂಬಿನಂತೆ ಉಬ್ಬಿದ ನುಣುಪಾದ ಹಿಮ, ಕಾಲಿಟ್ಟಾಗ ತಮಟೆಯಂತೆ ಟೊಳ್ಳು ಶಬ್ದ, ಬೋರ್ಡಿನ ಮುಂದೆ ಓಡುವ ಬಿರುಕು, ಹಿಮ ಒಮ್ಮೆಲೇ ಕುಸಿದು ಕುಳಿತಂತಹ ಸದ್ದು ಇವು ಲಕ್ಷಣಗಳು. ಕೊನೆಯ ಎರಡು ಕಂಡುಬಂದಲ್ಲಿ ಚರ್ಚೆಗೆ ಅವಕಾಶವಿಲ್ಲ, ಹಿಂದಿರುಗಬೇಕು. ಹಲಗೆ ಹಿಮಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಸಂಭವಿಸುತ್ತವೆ. ಸ್ನೋಬೋರ್ಡ್ ಮಾಡುವವರಿಗೆ ಪ್ರಿಯವಾದ ಇಳಿಜಾರು ಸಹ ಇದೇ ಆಗಿರುವುದು ದುರದೃಷ್ಟಕರ. ಗಾಳಿ ನಿಂತ ಬಳಿಕ ಹಲಗೆಯು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸ್ಥಿರಗೊಳ್ಳುತ್ತದೆ. ಆದರೆ ಅಡಿಯಲ್ಲಿ ದುರ್ಬಲ ಪದರ ಉಳಿದಿದ್ದರೆ ಹೆಚ್ಚು ಕಾಲ ಹಿಡಿಯುತ್ತದೆ.

ಹೊರಡುವ ಮುನ್ನ

ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಅಂಗವಾದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯು ಹಿಮಕುಸಿತ ಮುನ್ನೆಚ್ಚರಿಕೆ ನೀಡುತ್ತದೆ. ಅದು ಜಿಲ್ಲಾವಾರು ಮಾಹಿತಿಯಾದುದರಿಂದ ನಿರ್ದಿಷ್ಟ ಇಳಿಜಾರಿನ ಸ್ಥಿತಿಯನ್ನು ಗುಲ್ಮಾರ್ಗ್‌ನ ಗಸ್ತು ಪಡೆಯಲ್ಲಿ ವಿಚಾರಿಸತಕ್ಕದ್ದು. ಪ್ರಾಥಮಿಕ ತರಬೇತಿಯ ಪ್ರಮಾಣಪತ್ರ ಪಡೆದಿರುವುದು ನಿಯಂತ್ರಿತ ವ್ಯಾಪ್ತಿಯ ಹೊರಗೆ ಹೋಗಲು ಅರ್ಹತೆಯಾಗುವುದಿಲ್ಲ.

ಪ್ರತಿಯೊಬ್ಬರೂ ಹಿಮಕುಸಿತ ಟ್ರಾನ್ಸೀವರ್, ಮಡಚುವ ಶೋಧನಾ ಕೋಲು ಹಾಗೂ ಸಲಿಕೆಯನ್ನು ಹೊಂದಿರಬೇಕು. ಬಳಕೆಯನ್ನು ಮೊದಲೇ ಅಭ್ಯಾಸ ಮಾಡಿರಬೇಕು. ಇಳಿಜಾರಿನಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಇಳಿದು, ಉಳಿದವರು ಸುರಕ್ಷಿತ ಸ್ಥಳದಿಂದ ಅವರನ್ನು ಗಮನಿಸುತ್ತಿರಬೇಕು. ಸ್ಕೀ ಹಲಗೆಗಳು ಬಿದ್ದಾಗ ಕಾಲಿನಿಂದ ಕಳಚಿಕೊಳ್ಳುತ್ತವೆ. ಸ್ನೋಬೋರ್ಡ್ ಸಾಮಾನ್ಯವಾಗಿ ಕಳಚುವುದಿಲ್ಲ, ಹರಿಯುವ ಹಿಮದಲ್ಲಿ ಲಂಗರಿನಂತೆ ಕೆಳಗೆಳೆಯುತ್ತದೆ.

ಸಂಪೂರ್ಣ ಹೂತವರನ್ನು 10 ನಿಮಿಷದೊಳಗೆ ಹೊರತೆಗೆದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅನಂತರ ಉಸಿರುಗಟ್ಟುವಿಕೆಯಿಂದ ಈ ಪ್ರಮಾಣ ತೀವ್ರವಾಗಿ ಇಳಿಯುತ್ತದೆ. ಅಷ್ಟರೊಳಗೆ ಹೊರಗಿನ ನೆರವು ತಲುಪುವುದು ಅಪರೂಪ. ಜೊತೆಯಲ್ಲಿರುವವರು ಕಾಯದೆ ಶೋಧ ಆರಂಭಿಸಬೇಕು. ಹೆಚ್ಚು ಜನರಿದ್ದಲ್ಲಿ ಒಬ್ಬರು ಅದೇ ವೇಳೆ 112ಕ್ಕೆ ಕರೆ ಮಾಡಿ ಸ್ಥಳ ಹಾಗೂ ಹೂತವರ ಸಂಖ್ಯೆಯನ್ನು ತಿಳಿಸತಕ್ಕದ್ದು.