ಬಂದೂಕದ ಉಸಿರು ಕಟ್ಟಿದಾಗ

ಶತ್ರು ಎದುರಿಗೇ ಇದ್ದಾನೆ. ಸಿಪಾಯಿ ಕುದುರೆ ಎಳೆಯುತ್ತಾನೆ, ಗುಂಡು ಹಾರುತ್ತದೆ. ಮತ್ತೆ ಎಳೆದರೆ ಸದ್ದೇ ಇಲ್ಲ! ಖಾಲಿ ತೋಟಾ ಹೊರಬೀಳದೆ ಒಳಗೇ ಸಿಕ್ಕಿಕೊಂಡಿದೆ. ಅದನ್ನು ಬಿಡಿಸಲು ಹಿಡಿಯುವ ಎರಡು ಗಳಿಗೆಗೆ ಒಂದು ಪ್ರಾಣವೇ ಬೆಲೆಯಾದೀತು.

ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಅಮೆರಿಕದ ಸೈನ್ಯವನ್ನು ಕಾಡಿದುದು ಇಂಥದೇ ಚಿಂತೆ. 1936ರಲ್ಲಿ ಅದು ಎಂ-1 ಎಂಬ ಅರೆ-ಸ್ವಯಂಚಾಲಿತ ರೈಫಲನ್ನು ಅಂಗೀಕರಿಸಿತ್ತು. ಕೆನಡಾದಲ್ಲಿ ಹುಟ್ಟಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ದುಡಿಯುತ್ತಿದ್ದ ಜಾನ್ ಗ್ಯಾರಂಡ್ ಅದರ ನಿರ್ಮಾಪಕರು.

ಹಳೆಯ ರೈಫಲಿನಲ್ಲಿ ಪ್ರತಿಯೊಂದು ಗುಂಡಿಗೂ ಸಿಪಾಯಿ ಬೋಲ್ಟನ್ನು ಕೈಯಿಂದಲೇ ಹಿಂದೆಳೆದು ಮುಂದೂಡಬೇಕಾಗಿತ್ತು. ಗ್ಯಾರಂಡರು ಆ ಕೆಲಸವನ್ನು ಅನಿಲಕ್ಕೆ ಒಪ್ಪಿಸಿದರು. ಮದ್ದು ಉರಿದಾಗ ಹುಟ್ಟುವ ಅನಿಲದ ಒಂದಂಶ ನಳಿಗೆಯ ಕೆಳಗಣ ಸಿಲಿಂಡರನ್ನು ಹೊಕ್ಕು ಪಿಸ್ಟನ್ನನ್ನು ಹಿಂದಕ್ಕೆ ನೂಕುತ್ತದೆ. ಅದಕ್ಕೆ ಸೇರಿದ ಸರಳು ಬೋಲ್ಟನ್ನು ತೆರೆದೊಡನೆ ಖಾಲಿ ತೋಟಾ ಹೊರಕ್ಕೆ ಸಿಡಿಯುತ್ತದೆ. ಬಳಿಕ ಸ್ಪ್ರಿಂಗು ಎಲ್ಲವನ್ನೂ ಮುಂದಕ್ಕೆ ತಳ್ಳಿ ಹೊಸ ತೋಟಾವನ್ನು ಒಳಗೆ ಸೇರಿಸುತ್ತದೆ. ಹೀಗೆ ಎಂಟು ಗುಂಡುಗಳನ್ನು ಒಂದರ ಹಿಂದೊಂದರಂತೆ ಹಾರಿಸಬಹುದು.

ಆದರೆ ಮೊದಲ ಮಾದರಿಯಲ್ಲಿ ನಳಿಗೆಗೆ ರಂಧ್ರವಿರಲಿಲ್ಲ. ಬಾಯಿಂದ ಹೊರಬಿದ್ದ ಅನಿಲವನ್ನು ಅಲ್ಲಿಯೇ ತೊಡಿಸಿದ್ದ ಟೊಪ್ಪಿಗೆಯೊಂದು ಹಿಡಿದುಕೊಳ್ಳುತ್ತಿತ್ತು. ಅದರೊಳಗೆ ಮಸಿ ಕಟ್ಟುತ್ತಿತ್ತು. ಟೊಪ್ಪಿಗೆ ಸಡಿಲಗೊಂಡರೆ ಗುರಿಯೂ ಕೆಡುತ್ತಿತ್ತು. ಕಡೆಗೆ 1939ರಲ್ಲಿ ಬದಲಾವಣೆಯ ನಿರ್ಧಾರವಾಯಿತು. ನಳಿಗೆಯ ತುದಿಯ ಬಳಿ ಸುಮಾರು 2 ಮಿಲಿಮೀಟರಿನ ಒಂದು ರಂಧ್ರ! ಅಷ್ಟರಲ್ಲಿ ಹಳೆಯ ಮಾದರಿಯ ಸುಮಾರು 50,000 ರೈಫಲುಗಳು ತಯಾರಾಗಿದ್ದವು. ಮುಂದೆ ಅವುಗಳಲ್ಲಿ ಹೆಚ್ಚಿನವನ್ನು ಹೊಸ ರೀತಿಗೆ ತಿದ್ದಲಾಯಿತು.

ರಂಧ್ರ ಬಂದ ಮಾತ್ರಕ್ಕೆ ತೊಂದರೆಯೆಲ್ಲ ತೊಲಗಲಿಲ್ಲ. ಅನಿಲದ ಬಲ ಕುಂದಿದರೆ ಬೋಲ್ಟು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಆಗ ಮೊದಲು ನೋಡಬೇಕಾದುದು ಸಿಲಿಂಡರಿನ ತುದಿಯ ಸ್ಕ್ರೂವನ್ನು. ಅದು ಸಡಿಲವಾಗಿದ್ದರೆ ಅನಿಲ ಸೋರಿಹೋಗುತ್ತದೆ. ಅದು ಬಿಗಿಯಾಗಿದ್ದರೆ, ಸಿಲಿಂಡರಿನಲ್ಲಿ ಮಸಿ ಕಟ್ಟಿದೆಯೆ, ಪಿಸ್ಟನ್ನು ಸವೆದಿದೆಯೆ, ಸರಳು ಬಾಗಿ ಎಲ್ಲಾದರೂ ಉಜ್ಜುತ್ತಿದೆಯೆ ಎಂದು ಪರೀಕ್ಷಿಸಬೇಕು. ಕೆಲವೊಮ್ಮೆ ಅನಿಲದ ತಪ್ಪೇ ಇರುವುದಿಲ್ಲ. ಜಡಿಮಳೆಯಲ್ಲಿ ಎಣ್ಣೆ ತೊಳೆದುಹೋಗಿ ಬೋಲ್ಟು ಬಿಗಿದುಕೊಂಡಾಗ, ನೀರಿಗೆ ಜಗ್ಗದ ಗ್ರೀಸೇ ಅದಕ್ಕೆ ಮದ್ದಾಯಿತು.

ಹೀಗೆ ಒಂದೊಂದೇ ಕೊರತೆ ನೀಗಿಸಿಕೊಂಡ ಎಂ-1, ಯುದ್ಧಕಾಲದಲ್ಲಿಯೇ ನಲವತ್ತು ಲಕ್ಷದ ಸಂಖ್ಯೆ ತಲುಪಿತು. ತಮ್ಮ ಹಕ್ಕುಗಳನ್ನು ಸರಕಾರಕ್ಕೇ ಒಪ್ಪಿಸಿದ್ದ ಗ್ಯಾರಂಡರಿಗೆ ಅದರಿಂದ ರಾಜಧನವೇನೂ ದಕ್ಕಲಿಲ್ಲ. ಅವರಿಗೆ ಒಂದು ಲಕ್ಷ ಡಾಲರುಗಳ ಬಹುಮಾನ ಕೊಡಬೇಕೆಂಬ ಮಸೂದೆಯೂ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಬಿದ್ದುಹೋಯಿತು. 1974ರಲ್ಲಿ ಅವರು ತೀರಿಕೊಂಡರು. ಎರಡು ಮಿಲಿಮೀಟರಿನ ಆ ರಂಧ್ರವನ್ನು ನೆಚ್ಚಿ ಎಷ್ಟೋ ಸಿಪಾಯಿಗಳು ಯುದ್ಧದಿಂದ ಜೀವಸಹಿತ ಮನೆಗೆ ಮರಳಿದ್ದರು.